ನೂರು ಚೀಲದ ಕಣ, ಒಂದೇ ವಿಮಾನ

ಆಗೆಲ್ಲ ಕಂಪ್ಲಿಯಲ್ಲಿ ನೆಲದ ಅಳತೆಯೇ ಬೇರೆ ಇತ್ತು. ಕಾಲುವೆ ನೀರು ಬಂದು ಊರ ಸುತ್ತ ಕಣ್ಣು ಹಾಯುವಷ್ಟೂ ಭತ್ತದ ಕೆಸರು. ಸಪಾಟಾದ ಒಣನೆಲ ಎಂದರೆ ಅಪ್ಪ ಮೇಸ್ತ್ರಿಯಾಗಿದ್ದ ಅಕ್ಕಿ ಮಿಲ್ಲಿನ ಸಿಮೆಂಟ್ ಕಣ ಒಂದೇ. ಅದು ಎಷ್ಟು ದೊಡ್ಡದು ಎಂದು ಕೇಳಿದರೆ ಎಲ್ಲರೂ ‘ನೂರು ಚೀಲದ ಕಣ’ ಎನ್ನುತ್ತಿದ್ದರು. ನೂರು ಚೀಲ ಭತ್ತ ಹರವಿ ಒಣಗಿಸಬಹುದು ಎಂದರ್ಥ. ಅಡಿಯ ಲೆಕ್ಕ ಬೇಕಾದದ್ದು ನನ್ನಣ್ಣ ಬಸವನಿಗೆ ಮಾತ್ರ. ಅದೂ ಒಂದು ವಿಮಾನಕ್ಕಾಗಿ.

ಅವನು ಹತ್ತನೆಯ ತರಗತಿ, ನಾನು ಐದನೆಯದು. ನಮ್ಮ ಸೋದರಮಾವ ಯಶವಂತನಗರದ ಗಣಿಯಲ್ಲಿ ಫಿಟ್ಟರ್. ಅಲ್ಲಿ ಯಂತ್ರ ಜೋಡಿಸಲು ಬಂದಿದ್ದ ಹೊರದೇಶದ ಎಂಜಿನಿಯರೊಬ್ಬರಿಗೆ ರಿಮೋಟಿನಿಂದ ಹಾರಿಸುವ ದೊಡ್ಡ ಮಾದರಿ ವಿಮಾನಗಳ ಹುಚ್ಚು. ಬಸವನ ಆಸೆಯನ್ನು ಮಾವನಿಂದ ಕೇಳಿ ಅವರು ಒಂದು ಕ್ಯಾಟಲಾಗ್ ಕಳಿಸಿದ್ದರು. ಅವರು ರಜೆಗೆ ತಮ್ಮ ದೇಶಕ್ಕೆ ಹೋದಾಗ ನಾವೇ ಜೋಡಿಸಿಕೊಳ್ಳುವ ಬಿಡಿಭಾಗಗಳ ಒಂದು ಕಿಟ್ ತಂದುಕೊಡುತ್ತಾರಂತೆ. ಎಂಜಿನ್ನು, ರಿಮೋಟು ಅವರದೇ ಹಳೆಯವು. ಒಂದೇ ಒಂದು ಕಿಟ್. ನಮ್ಮ ಮನೆಗೆ ಬಂದಿದ್ದ ಮಾವ ಸೋಮವಾರ ಬೆಳಿಗ್ಗೆ ವಾಪಸು ಬಸ್ಸು ಹತ್ತುವುದರೊಳಗೆ ಯಾವುದೆಂದು ಹೇಳಬೇಕು.

ಔಷಧದಂಥ ವಾಸನೆಯ ಆ ನುಣುಪು ಹಾಳೆಗಳನ್ನು ತಿರುವಿ ತಿರುವಿ ಕೊನೆಗೆ ಎರಡು ಉಳಿದವು. ರೆಕ್ಕೆ ಕೆಳಗಿರುವ, ವೇಗದ ಕೆಂಪು ಯುದ್ಧವಿಮಾನ. ರೆಕ್ಕೆ ಮೇಲಿರುವ, ನಿಧಾನದ ಹಳದಿ ವಿಮಾನ. ಎರಡಕ್ಕೂ ಒಂಬತ್ತು ಅಡಿಯ ರೆಕ್ಕೆ. ಬಸವನ ಜೀವವೆಲ್ಲ ಕೆಂಪಿನ ಮೇಲೆ.

ಭಾನುವಾರ ಸಂಜೆ ಭತ್ತ ಬಳಿದು ಕಣ ಖಾಲಿಯಾಗಿತ್ತು. ಕುದಿಸಿದ ಭತ್ತದ ಬಿಸಿ ವಾಸನೆ ಇನ್ನೂ ಆಡುತ್ತಿತ್ತು. ನಾನು ಒಗ್ಗರಣೆ ಹಾಕಿದ ಮಂಡಾಳು, ಅದೇ ಮಂಡಕ್ಕಿ, ಮೆಲ್ಲುತ್ತ ಕಟ್ಟೆಯ ಮೇಲೆ ಕೂತಿದ್ದೆ. ಬಸವ ಒಂಬತ್ತು ಅಡಿಯ ಬಿದಿರಿನ ಗಳವನ್ನು ಹೆಗಲಿಗೆ ಅಡ್ಡ ಕಟ್ಟಿಕೊಂಡು ಬಂದ. ಭತ್ತ ಹರವುವ ಹೆಂಗಸರಲ್ಲಿ ಹಿರಿಯಳಾದ ಹನುಮವ್ವ ನಕ್ಕಳು.

“ಯಪ್ಪಾ, ಕಾವಡಿ ಹೊತ್ಕೊಂಡು ಎಲ್ಲಿಗೆ ಹೊಂಟೀ?”

“ವಿಮಾನ ಇಳಸ್ತೀನಿ, ದಾರಿ ಬಿಡಬೇ!”

ಬಾಯಲ್ಲಿ ಎಂಜಿನ್ನಿನ ಸದ್ದು ಮಾಡುತ್ತ ಓಡಿದ. ಕೆಂಪು ವಿಮಾನ ಜೋರಾಗಿಯೇ ಇಳಿಯಬೇಕಲ್ಲ. ಅವನೂ ಜೋರಾಗಿಯೇ ಓಡಿದ. ಕಣ ಮುಗಿಯಿತು, ಬಸವ ನಿಲ್ಲಲಿಲ್ಲ. ಗಳದ ಸಮೇತ ಹೊಟ್ಟಿನ ರಾಶಿಯೊಳಗೆ ಹೋದ. ಹುಬ್ಬಿನ ತುಂಬ ಹೊಟ್ಟು ಮೆತ್ತಿಕೊಂಡು ಎದ್ದು ಬಂದಾಗ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಕೊಕ್ಕರೆ ನೋಡಿಲ್ಲೇನು ನೀ?” ಎಂದಳು ಹನುಮವ್ವ. “ರೆಕ್ಕಿ ಮ್ಯಾಲೆತ್ತಿ, ಕಾಲು ಬಿಟ್ಟು, ಹಗೂರ ಇಳೀತದ. ಅಂಥಾದ್ದು ತಗೋ.”

“ಕೊಕ್ಕರೆ ಯಾರಿಗೆ ಬೇಕು? ನನಗ ಕೆಂಪಂದ ಬೇಕು.”

ಆ ಸಂಜೆಯೇ ಚೀಟಿಯಲ್ಲಿ ಕೆಂಪು ವಿಮಾನದ ನಂಬರು ಬರೆದ.

ಸೋಮವಾರ ಬಸ್‌ಸ್ಟ್ಯಾಂಡಿನಲ್ಲಿ ಚೀಟಿ ಮಾವನ ಕೈ ಸೇರಿತು. ಬಸ್ಸು ಹೊರಡುವ ಹೊತ್ತಿಗೆ ಬಸವ ಏನೋ ನೆನೆದು ಆಚೆ ಕಿಟಕಿಗೆ ಓಡಿ, ಮಾತಾಡಿ ಬಂದ.

“ಹಳದೀದು ಹೇಳಿದೆ.”

“ಹೊಟ್ಟಿನ ರಾಶಿಗೆ ಹೆದರಿದೇನೋ?” ಎಂದೆ.

“ಹೂಂ ಬಿಡು, ಹೆದರಿದೆ.”

ಕಿಟ್ ಬಂತು. ಆ ಬೇಸಿಗೆಯೆಲ್ಲ ನಮ್ಮ ಪಡಸಾಲೆಯಲ್ಲಿ ಹಗುರ ಮರದ ಪುಡಿ, ಅಂಟಿನ ಘಾಟು. ಅನ್ನ ಕಲಸುವ ಬೆರಳುಗಳೂ ಒಂದಕ್ಕೊಂದು ಅಂಟುತ್ತಿದ್ದವು. ಅವ್ವ ದಿನಾ ಬೈಯುತ್ತಿದ್ದಳು. ವಿಮಾನ ಹಾರಿತು. ಎರಡನೆಯ ಸಲ ಬಸವ ರಿಮೋಟನ್ನು ನನ್ನ ಕೈಗೇ ಕೊಟ್ಟು ಬೆನ್ನ ಹಿಂದೆ ನಿಂತ. ಹನುಮವ್ವ ಹೇಳಿದ ಹಾಗೆಯೇ ಅದು ಹಗುರಾಗಿ ಕಣಕ್ಕಿಳಿಯಿತು. ಅವತ್ತಿನಿಂದ ಮೂವತ್ತು ವರ್ಷಕ್ಕೂ ಮಿಕ್ಕಿ ಅವನನ್ನು ‘ಹೊಟ್ಟಿನ ಪೈಲಟ್’ ಎಂದೇ ಕಾಡಿದೆ. ಪ್ರತಿ ಸಲವೂ ಅವನದು ಅದೇ ಉತ್ತರ: “ಹೂಂ ಬಿಡು.”

ಈ ವರ್ಷ ಬಸವ ತೀರಿಕೊಂಡ. ಅವನ ಶಿವಗಣಾರಾಧನೆಯ ದಿನ ಊಟವಾದ ಮೇಲೆ, ಈಗ ಕೋಲೂರಿ ನಡೆಯುವ ಮಾವ ನನ್ನ ಪಕ್ಕ ಕೂತು ಹೇಳಿದ: “ಅವತ್ತು ಬಸ್ಸಿನ ಕಿಟಕ್ಯಾಗ ಬಸವ ಒಂದ ಮಾತು ಕೇಳಿದ್ನವ್ವಾ. ‘ಮಾವ, ಕೆಂಪಂದು ತಂಗಿ ಕೈಗೆ ಕೊಡಾಕ ಬರ್ತದೇನು’ ಅಂತ. ‘ಬರಂಗಿಲ್ಲಲೇ, ಅದು ಪಳಗಿದ ಕೈಗೆ’ ಅಂದೆ. ಚೀಟಿ ಇಸ್ಕೊಂಡು ಗೀಚಿ, ನಂಬರು ಬದಲಿಸಿಬಿಟ್ಟ.”

ಆ ಕಣ ಈಗಿಲ್ಲ. ಭತ್ತವನ್ನು ಯಂತ್ರ ಒಣಗಿಸುತ್ತದೆ. ಕಣದ ಜಾಗದಲ್ಲಿ ತಗಡಿನ ಶೆಡ್ಡು. ಕೊಕ್ಕರೆಗಳು ಮಾತ್ರ ಈಗಲೂ ರೆಕ್ಕೆ ಎತ್ತಿ, ಕಾಲು ಬಿಟ್ಟು ಗದ್ದೆಗೆ ಇಳಿಯುತ್ತವೆ. ಕಂಡಾಗಲೆಲ್ಲ ‘ಹೊಟ್ಟಿನ ಪೈಲಟ್’ ಎಂದು ಬಾಯಿಗೆ ಬರುತ್ತದೆ. ‘ಹೂಂ ಬಿಡು’ ಎನ್ನುವವನಿಲ್ಲ.