ಮಂಜುಶ್ರೀ ಟೀಚರ ‘ಟಿಂಗ್’

ಮಂಜುಶ್ರೀ ಟೀಚರು ಐ.ಡಿ.ಹಳ್ಳಿ ಹತ್ತಿರದ ನಮ್ಮ ಸರ್ಕಾರಿ ಶಾಲೆಗೆ ಬಂದು ಒಂಬತ್ತು ವರ್ಷವಾಯಿತು. ಮಧುಗಿರಿಯಿಂದ ದಿನಾ ಬಸ್ಸು. ಹೆಡ್‌ಮೇಷ್ಟ್ರಾದ ನಾನು ಎಷ್ಟೇ ರೇಗಿದರೂ ನಗುನಗುತ್ತಲೇ ತಾನು ಅಂದುಕೊಂಡದ್ದನ್ನು ಮಾಡಿಬಿಡುವ ಹೆಣ್ಣುಮಗಳು.

ಕಳೆದ ಜೂನ್‌ನಲ್ಲಿ ಯಾರೋ ದಾನಿಗಳು ಟಚ್‌ಸ್ಕ್ರೀನಿನ ಸ್ಮಾರ್ಟ್ ಟಿ.ವಿ. ಕೊಟ್ಟರು. ಟೀಚರು ಅದರಲ್ಲಿ ಅಕ್ಷರದ ಆಟವೊಂದನ್ನು ಹಾಕಿದರು. ಮಗು ಸರಿಯಾದ ಅಕ್ಷರ ಮುಟ್ಟಿದರೆ ‘ಟಿಂಗ್’ ಎಂದು ಅದರ ಹೆಸರಿನ ಮುಂದೆ ಒಂದು ನಕ್ಷತ್ರ. ತಪ್ಪಿದರೆ ‘ಬೊಂಯ್’.

“ಇದೇನ್ರೀ ಮೇಡಂ, ಪಾಠವೋ ವಿಡಿಯೋ ಗೇಮೋ?” ಎಂದೆ.

“ಸರಿ ಮಾಡಿದ ತಕ್ಷಣ ಮೆಚ್ಚುಗೆ ಸಿಕ್ಕರೆ ಮಗು ಮತ್ತೆ ಅದನ್ನೇ ಮಾಡುತ್ತೆ ಸಾರ್. ಡಿ.ಎಡ್‌ನಲ್ಲಿ ಹತ್ತು ಮಾರ್ಕ್ಸಿಗೆ ಬರೆದಿದ್ದೀನಿ.”

“ಬಂದಿದ್ದೆಷ್ಟು?”

“ಆರು” ಎಂದು ನಕ್ಕರು.

ಮಿಕ್ಕ ಮಕ್ಕಳೇನೋ ಟಿ.ವಿ. ಮುಂದೆ ಸಾಲುಗಟ್ಟಿದವು. ಮೂರನೇ ಕ್ಲಾಸಿನ ಮಂಗಳಗೌರಿ ಮಾತ್ರ ಮೊದಲ ದಿನವೇ ಮೂರು ಸಲ ‘ಬೊಂಯ್’ ಅನ್ನಿಸಿಕೊಂಡಿತು. ಇಡೀ ಕ್ಲಾಸು ನಕ್ಕಿತು. ಆಮೇಲೆ ಅದು ಟಿ.ವಿ. ಹತ್ತಿರ ಸುಳಿಯಲಿಲ್ಲ, ಪುಸ್ತಕವನ್ನೂ ತೆರೆಯಲಿಲ್ಲ.

ದೀಪಾವಳಿ ಕಳೆದ ಮೇಲೆ ಅವಳನ್ನು ಸಾಕುತ್ತಿದ್ದ ಅಜ್ಜಿ ಕ್ಯಾತಮ್ಮ ಬಂದಳು. “ಟಿ.ಸಿ. ಕೊಟ್ಬುಡಿ ಮೇಷ್ಟ್ರೇ. ಇದಕ್ಕೆ ಓದು ಹತ್ತಾಕಿಲ್ಲ. ಸಂಕ್ರಾಂತಿ ಆದ್ಮ್ಯಾಕೆ ಕುರಿ ಹೊಡ್ಕಂಡು ದೂರ ಹೋಯ್ತೀನಿ, ಇದ್ನೂ ಕರ್ಕಂಡೋಯ್ತೀನಿ.”

ನಾನು ನಿಜಕ್ಕೂ ಟಿ.ಸಿ. ಪುಸ್ತಕಕ್ಕೆ ಕೈ ಹಾಕಿದ್ದೆ. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ‘ಬೊಂಯ್’ ಎಂದಿತು. ಮುದುಕಿ ಹೋಗಿ ಬಾಗಿಲಲ್ಲಿ ನಿಂತಳು.

“ಇದ್ಯಾಕವ್ವ ಮೇಡಮ್ಮ, ಕೂಸುಗಳ ಮ್ಯಾಗೆ ಹಿಂಗೆ ಬೊಗಳ್ತೈತೆ? ಮರಿಗೆ ಹಳ್ಳ ದಾಟೋದು ಕಲ್ಸೋವಾಗ ನಾವು ಗದರಾಕಿಲ್ಲ. ಗದರಿದ್ರೆ ಅದು ಹಳ್ಳದ ತಾವ್ಕೇ ಬರಾಕಿಲ್ಲ. ಒಂದ್ ಕಾಲು ನೀರಿಗಿಟ್ರೂ ಸಾಕು, ನಾಲಿಗೇಲಿ ಟಕ್ ಟಕ್ ಅಂದು ಒಂದು ಜಾಲಿಕಾಯಿ ಕೊಡ್ತೀವಿ.”

ಮಂಜುಶ್ರೀಯ ಮುಖ ಕೆಂಪಾಯಿತು. “ನನ್ನದೇ ತಪ್ಪು ಅಜ್ಜಿ. ಸಂಕ್ರಾಂತಿವರೆಗೆ ಟೈಮ್ ಕೊಡಿ” ಎಂದರು.

ಅವತ್ತೇ ‘ಬೊಂಯ್’ ಬಂದ್ ಆಯಿತು. ಗೌರಿ ಟಿ.ವಿ. ಹತ್ತಿರ ಬಂದರೆ ಟೀಚರೇ ರಿಮೋಟ್ ಒತ್ತಿ ಒಂದು ಟಿಂಗ್, ಒಂದು ಅಕ್ಷರ ಗುರುತಿಸಿದರೆ ಇನ್ನೊಂದು, ಬರಬರುತ್ತಾ ಪುಸ್ತಕದ ಸಾಲಿಗೊಂದು. ದಿನಾ ಊಟದ ಗಂಟೆಯಲ್ಲಿ ಇದೇ ಕೆಲಸ. ನಾನು ಹಾಸ್ಯ ಮಾಡುತ್ತಲೇ ಇದ್ದೆ.

ಸಂಕ್ರಾಂತಿ ಹಿಂದಿನ ದಿನ ಕ್ಯಾತಮ್ಮ ಬಂದಳು. ಗೌರಿ ಟಿ.ವಿ. ಮುಂದೆ ಪುಸ್ತಕ ಹಿಡಿದು ನಿಂತಿತು. ಥೂ, ಆಗಲೇ ಕರೆಂಟ್ ಹೋಗಬೇಕೇ! ಮಗು ಮೊದಲ ಸಾಲು ಓದಿ ಟಿ.ವಿ. ಕಡೆ ನೋಡಿತು. ಟಿಂಗ್ ಇಲ್ಲ. ಬಾಯಿ ಕಟ್ಟಿತು. ಮಂಜುಶ್ರೀಯ ಕಣ್ಣಲ್ಲಿ ನೀರು.

ಬಾಗಿಲಿಂದ ಟಕ್ ಟಕ್ ಎಂದು ನಾಲಿಗೆಯ ಸದ್ದು ಬಂತು.

ಗೌರಿ ಎರಡನೇ ಸಾಲು ಓದಿತು. ಟಕ್ ಟಕ್. ಮೂರನೆಯದು. ನಾಲ್ಕನೆಯದಕ್ಕೆ ಮುದುಕಿ ಕೇಳುತ್ತಾ ಮೈಮರೆತು ಸುಮ್ಮನಾಗಿಬಿಟ್ಟಳು. ಮಗು ಯಾರ ಕಡೆಯೂ ನೋಡದೆ ಪುಟ ಮುಗಿಸಿತು. ಮೊದಲು ಚಪ್ಪಾಳೆ ತಟ್ಟಿದವನು ನಾನೇ, ಸುಳ್ಳೇಕೆ ಹೇಳಲಿ.

“ಟಿ.ಸಿ. ಬ್ಯಾಡ ಮೇಷ್ಟ್ರೇ. ಇವ್ಳು ಊರಾಗೇ ಸೋದರತ್ತೆ ತಾವ ಇದ್ಕಂಡು ಓದ್ಲಿ. ಕುರಿ ಹಿಂದೆ ನಾನೊಬ್ಳೇ ಸಾಕು” ಎಂದಳು ಕ್ಯಾತಮ್ಮ.

ಆಮೇಲೆ ಸೆರಗಿನ ಗಂಟು ಬಿಚ್ಚಿ, ಹುರಿದ ಕಳ್ಳೇಕಾಯಿಯನ್ನು ಮಂಜುಶ್ರೀಯ ಅಂಗೈಗೆ ಸುರಿದಳು.

“ತಗಳವ್ವ. ನೀನೂ ಹಳ್ಳ ದಾಟ್ದೆ.”