ಸಾಹುಕಾರರನ್ನು ಕೊಂದದ್ದು ಯಾರು?

ನಾನು ಚಿಕ್ಕವಳಿದ್ದಾಗ ಮೈಸೂರಿನ ಪಕ್ಕದ ಹೂಟಗಳ್ಳಿ ಇನ್ನೂ ಹಳ್ಳಿ. ಅಲ್ಲಿಯ ಶಾಲೆಯಲ್ಲಿ ನಾನು ನಾಲ್ಕನೇ ಕ್ಲಾಸು. ಅಕ್ಕ ಹೆರಿಗೆಗೆಂದು ತವರಿಗೆ ಬಂದಿದ್ದಳು. ಆಗ ಎಲ್ಲರ ಬಾಯಲ್ಲೂ ಇದ್ದ ಒಂದು ಪತ್ತೇದಾರಿ ಕಾದಂಬರಿಯನ್ನು ಅವಳೂ ಓದುತ್ತಿದ್ದಳು. ಕೊನೆಯ ಕೆಲವೇ ಪುಟಗಳು ಉಳಿದಿದ್ದಾಗ ನೋವು ಶುರುವಾಯಿತು. ಬಾಣಂತಿ ಓದಿದರೆ ಕಣ್ಣು ಹಾಳಾಗುತ್ತದೆಂದು ಅವ್ವ ಪುಸ್ತಕವನ್ನು ಬಚ್ಚಿಟ್ಟಳು. ಕಥೆಯ ಸಾಹುಕಾರರನ್ನು ಕೊಂದದ್ದು ಯಾರೆಂದು ತಿಳಿಯದೆ ಅಕ್ಕ ಒದ್ದಾಡಿದಳು.

ಅಷ್ಟರಲ್ಲಿ ಅದೇ ಕಥೆ ಸಿನಿಮಾ ಆಗಿ ಮೈಸೂರಿಗೆ ಬಂತು. "ಅಪ್ಪನ್ ಜೊತೆ ಹೋಗಿ ನೋಡ್ಕೊಂಡು ಬಂದು ನಂಗೆ ಹೇಳ್ಬುಡು ಕಣೇ, ನಮ್ಮವ್ವ ಅಲ್ವಾ," ಎಂದು ಸಾಂಬ್ರಾಣಿ ಹೊಗೆಯ ಕತ್ತಲೆ ಕೋಣೆಯಿಂದ ಅಕ್ಕ ಬೇಡಿಕೊಂಡಳು. ಅಷ್ಟು ದೊಡ್ಡ ಕೆಲಸವನ್ನು ನನಗೆ ಅದುವರೆಗೆ ಯಾರೂ ಒಪ್ಪಿಸಿರಲಿಲ್ಲ.

ಥಿಯೇಟರಿನಲ್ಲಿ ಬೀಡಿ ಹೊಗೆ, ಕಡಲೆಕಾಯಿಯ ವಾಸನೆ, ಬೆನ್ನಿಗೆ ಒತ್ತುವ ಮರದ ಬೆಂಚು. ಪರದೆಯ ಮೇಲೆ ಮಳೆ, ಮೆಟ್ಟಿಲು ಹತ್ತುವ ಕಾಲಿನ ಸದ್ದು. ಕಣ್ಣು ಮಿಟುಕಿಸಲೂ ಹೆದರಿ ಕೂತಿದ್ದೆ. ಕೊನೆಗೆ ಡಾಕ್ಟರು ಬಿಳಿ ಕೋಟಿನೊಳಗಿಂದ ಚಾಕು ತೆಗೆದಾಗ ಜನರೆಲ್ಲ ಹೌಹಾರಿದರು. ಮನೆಗೆ ಬಂದವಳೇ ಅಕ್ಕನ ಕಿವಿಯ ಹತ್ತಿ ಸರಿಸಿ, "ಡಾಕ್ಟ್ರು!" ಎಂದೆ. ಅಕ್ಕ ನನ್ನ ಕೆನ್ನೆಗೆ ಮುತ್ತಿಟ್ಟಳು.

ಬಾಣಂತನ ಮುಗಿದ ಮೇಲೆ ಪುಸ್ತಕ ಅವಳ ಕೈಗೆ ಸಿಕ್ಕಿತು. ಓದಿ ಮುಗಿಸಿ ನನ್ನನ್ನು ಕರೆದಳು.

"ಕೊಂದಿದ್ದು ಸಾಹುಕಾರ್ರ ತಮ್ಮ ಕಣೇ! ನಿದ್ದೆ ಮಾಡ್ಬುಟ್ಟು ಬಂದು ನಂಗೆ ಕಥೆ ಕಟ್ಟಿದ್ಯಾ, ಸುಳ್ಳಿ?"

ನಾನು ಅಪ್ಪನ ಕಡೆ ನೋಡಿದೆ.

"ನನ್ನೇನ್ ಕೇಳ್ತೀಯವ್ವ? ದೀಪ ಆರಿಸ್ತಿದ್ದಂಗೇ ನಂಗೆ ನಿದ್ದೆ ಬಂದ್ಬುಡ್ತು," ಎಂದು ಅಪ್ಪ ನಕ್ಕರು.

ಅಚ್ಚಾದ ಪುಸ್ತಕ ಸುಳ್ಳು ಹೇಳುತ್ತದೆಯೇ? ಹಾಗಾದರೆ ಚಾಕು ತೆಗೆದವರು ಯಾರು? ಆ ಕೋಟು ಬಿಳಿಯದೇ ಆಗಿತ್ತೇ? ನೆನೆದಷ್ಟೂ ಡಾಕ್ಟರ ಮುಖ ಸಾಹುಕಾರರ ತಮ್ಮನ ಮುಖದಂತೆಯೇ ಕಾಣತೊಡಗಿತು. ಅಕ್ಕ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ತಡೆಯಲಾರದೆ, "ಹೂಂ ಕಣಕ್ಕ, ನಂಗೂ ನಿದ್ದೆ ಬಂದಿತ್ತು," ಎಂದೆ. ಅವಳು ನನ್ನನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಿದಳು.

ಮಕ್ಕಳೇ, ಮೊನ್ನೆ ನೀವಿಬ್ಬರು ಮೊಮ್ಮಕ್ಕಳು ಇಂಥದ್ದೇ ಸಿನಿಮಾ ನೋಡುತ್ತ ಜಗಳವಾಡಿದಿರಿ. ಫೋನಿನಲ್ಲಿ ಬೆರಳಿನಿಂದ ಹಿಂದಕ್ಕೆ ಎಳೆದು, ಮತ್ತೊಮ್ಮೆ ನೋಡಿ, ಒಂದೇ ನಿಮಿಷದಲ್ಲಿ ತೀರ್ಮಾನ ಮಾಡಿಕೊಂಡಿರಿ. "ಅಜ್ಜಿ, ಸಿನಿಮಾದಲ್ಲಿ ಕೊನೆ ಚೇಂಜ್ ಮಾಡ್ಬಿಟ್ಟಿದಾರೆ, ಬುಕ್ಕಲ್ಲಿ ಬೇರೆ," ಎಂದು ನಿಮ್ಮಲ್ಲಿ ದೊಡ್ಡವಳು ಹೇಳಿದಳು. ಹಾಗೂ ಮಾಡುತ್ತಾರೆಂದು ನನಗೆ ಈ ವಯಸ್ಸಿನವರೆಗೂ ಹೊಳೆದಿರಲಿಲ್ಲ. ನನ್ನ ಬಳಿ ಇದ್ದದ್ದು ಎರಡು ಕಣ್ಣು ಮಾತ್ರ, ಅವನ್ನೇ ನಾನು ನಂಬಲಿಲ್ಲ. ಅಕ್ಕನಿಗೆ ನಾನು ಹೇಳಿದ ಒಂದೇ ಒಂದು ಸುಳ್ಳು ಎಂದರೆ, ನನಗೆ ನಿದ್ದೆ ಬಂದಿತ್ತು ಎಂಬುದು.