ಹೆಸರು ಬರೆದ ವರದಿ

೧೯೭೫ರ ಜುಲೈಯಲ್ಲಿ ನಾನು ಕಲಘಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ರೇಡಿಯೊ ಶ್ರೋತೃ ಮಂಡಳಿಯ ಸಂಚಾಲಕಿಯಾದೆ. ಮನೆಯ ಹೊಸ್ತಿಲಾಚೆ ನಾನು ಮಾಡಿದ ಒಂದೇ ಕೆಲಸ ಅದು. ಯಜಮಾನರು ಬ್ಲಾಕ್ ಕಚೇರಿಯಲ್ಲಿ ವಿಸ್ತರಣಾಧಿಕಾರಿ. ಅವರೇ ನನ್ನ ಹೆಸರು ಸೂಚಿಸಿದ್ದರು. ಪಂಚಾಯಿತಿಯ ರೇಡಿಯೊ ಹಚ್ಚಬೇಕು, ಕೇಳಿದವರು ಏನೆಂದರೆಂದು ಬರೆದು ರೇಡಿಯೊ ಕೇಂದ್ರಕ್ಕೆ ವರದಿ ಕಳಿಸಬೇಕು. ಕಾನ್ವೆಂಟಿನಲ್ಲಿ ಸಿಸ್ಟರ್ ತಿದ್ದಿಸಿದ ದುಂಡಕ್ಷರವೇ ನನ್ನ ಅರ್ಹತೆ.

ಮೊದಲು ಭತ್ತದ ಹುಳದ ಮಾತು ಕೇಳಲು ಐದಾರು ಮಂದಿ ಬರುತ್ತಿದ್ದರು. ಗುರುವಾರ ಸಂಜೆ ಸ್ವಾತಂತ್ರ್ಯ ಹೋರಾಟದ ನಾಟಕಮಾಲೆ ಶುರುವಾದ ಮೇಲೆ ಪಂಚಾಯಿತಿ ಕಟ್ಟೆ ಸಾಲದಾಯಿತು. ನಲವತ್ತೆರಡರ ಚಳವಳಿಯಲ್ಲಿ ಜೈಲು ಕಂಡ ಮಲ್ಲಪ್ಪಕಾಕಾ ಕಿವಿಗೆ ಅಂಗೈ ಹಚ್ಚಿಕೊಂಡು ಮುಂದೆಯೇ ಕೂಡುತ್ತಿದ್ದರು. ಅಷ್ಟು ವರ್ಷ ಊರು ಅವರನ್ನು ಒಂದು ಮಾತೂ ಕೇಳಿರಲಿಲ್ಲ. ಈಗ ನಾಟಕ ಮುಗಿದರೂ ಯಾರೂ ಏಳುತ್ತಿರಲಿಲ್ಲ.

“ಜೇಲಿನ್ಯಾಗ ಹಿಂಗ ಭಾಷಣಾ ಹೊಡೀತಿದ್ರೇನ್ರಿ ಕಾಕಾ?” ನೆರೆಮನೆಯ ಯಲ್ಲವ್ವ ಕೇಳಿದಳು.

“ಎಲ್ಲೀದ ಬೇ! ಕಂಬಳ್ಯಾಗಿನ ತಗಣಿ ಹೆಕ್ಕೂದ್ರಾಗ ಹೊತ್ತು ಹೋಗ್ತಿತ್ತು.”

ಆರನೆಯ ವಾರದ ಕಂತಿನಲ್ಲಿ ಬ್ರಿಟಿಷರು ಒಂದು ಪತ್ರಿಕೆಗೆ ಬೀಗ ಹಾಕಿದರು. ಹೊರಗೆ ತುರ್ತು ಪರಿಸ್ಥಿತಿ ನಡೆದಿತ್ತು. ಈಗಿನ ಪೇಪರಿನಲ್ಲೂ ಖಾಲಿ ಜಾಗ ಬಿಟ್ಟಿದ್ದರಂತಲ್ಲ, ಯಾಕೆ ಎಂದಳು ಯಲ್ಲವ್ವ. ಕಾಕಾ ಟೊಪ್ಪಿಗೆ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

“ಅವತ್ತ ಬಾಯಿ ಮುಚ್ಚಿಸಿದಾಂವ ಪರದೇಶದಾಂವ. ಇವತ್ತ ಮುಚ್ಚಸಾವ್ರು ನಮ್ಮವರ.”

ಎಲ್ಲರೂ ನಕ್ಕರು, ನಾನೂ ನಕ್ಕೆ. ವರದಿಯಲ್ಲಿ ‘ಒಬ್ಬ ಹಿರಿಯರು ಹೀಗೆಂದರು’ ಎಂದು ಬರೆದೆ. ವರದಿಗಳನ್ನು ಅಂಚೆಗೆ ಹಾಕುವವರು ಯಜಮಾನರು. ಅಂದು ಅದನ್ನು ಎರಡು ಸಲ ಓದಿದರು.

“ಹೆಸರಿಲ್ಲದ ವರದಿಗೆ ಏನ್ ಕಿಮ್ಮತ್ತು? ಹೆಸರು ಬರಿ. ರೇಡಿಯೊದಾಗ ಮಾತಾಡ್ಲಿಕ್ಕೆ ಅವರನ್ನ ಕರೀತಾರ.”

ನನಗೆ ಖುಷಿಯಾಯಿತು. ‘ಒಬ್ಬ ಹಿರಿಯರು’ ಎಂಬುದನ್ನು ಹೊಡೆದು ಹಾಕಿ, ಕಾಕಾ ಅವರ ಪೂರ್ತಿ ಹೆಸರು ಬರೆದೆ.

ಹತ್ತು ದಿನಕ್ಕೆ ಪೊಲೀಸ್ ಜೀಪು ಬಂತು. ಕಾಕಾ ಮನೆಯ ಮುಂದೆ ಫೌಜದಾರರು ಓದಿ ಹೇಳುತ್ತಿದ್ದ ಹಾಳೆ ನನ್ನದು. ಹೊಡೆದು ಹಾಕಿದ ಸಾಲು ದೂರದಿಂದಲೇ ಕಂಡಿತು. ರೇಡಿಯೊ ಕೇಂದ್ರದ ಮುದ್ರೆ ಅದರ ಮೇಲೆ ಇರಲಿಲ್ಲ, ಯಜಮಾನರ ಕಚೇರಿಯದಿತ್ತು.

ಜೀಪು ಹತ್ತುವಾಗ ಕಾಕಾ ನನ್ನತ್ತ ತಿರುಗಿದರು. “ನಾ ಅಂದದ್ದು ಅಗದಿ ಹಂಗ ಬರದೀರಿ ಅಕ್ಕಾರ. ಒಂದಕ್ಷರ ತಪ್ಪಿಲ್ಲ.”

ಅವರು ಬೈದಿದ್ದರೆ ಸಹಿಸುತ್ತಿದ್ದೆ.

ಮನೆಗೆ ಬಂದು, “ಮೊದಲ ಗೊತ್ತಿತ್ತೇನು ನಿಮಗ?” ಎಂದು ಕೇಳಿದೆ.

ಯಜಮಾನರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಇದ್ದರು. “ಮಂಡಳಿ ನಿನ್ನ ಹೆಸರಿನ್ಯಾಗ ಅದ. ಅಂದವರ ಹೆಸರು ಬರೀದಿದ್ರ ನನ್ನ ನೌಕರಿ ಹೋಗ್ತಿತ್ತು. ಅವರಿಗೆ ಜೇಲು ಹೊಸಾದಲ್ಲ.”

ಇಷ್ಟು ವರ್ಷ ಅವರ ಜೊತೆ ಸಂಸಾರ ಮಾಡಿದ್ದೇನೆ. ಆದರೆ ಅಂದಿನಿಂದ ಒಂದು ಕಾಗದವನ್ನೂ ಅವರ ಕೈಯಿಂದ ಅಂಚೆಗೆ ಹಾಕಿಸಿಲ್ಲ.

ಕೇಳಿದ್ದನ್ನು ನಿಜವಾಗಿ ಬರೆದರೆ ಸಾಕು ಎಂದು ನಂಬಿದ್ದೆ. ಬರೆದದ್ದು ಯಾರ ಕೈಗೆ ಹೋಗುತ್ತದೆ ಎಂದು ಕೇಳುವುದೂ ಬರೆಯುವವಳ ಕೆಲಸವೇ ಎಂದು ಆ ಹುದ್ದೆ ನನಗೆ ಕಲಿಸಿತು. ಆದರೆ ಅದನ್ನು ಕಲಿತದ್ದು ಮಲ್ಲಪ್ಪಕಾಕಾ ಅವರ ಎಂಟು ತಿಂಗಳ ಜೈಲುವಾಸದ ಬೆಲೆಗೆ.

ನಾಟಕಮಾಲೆಯ ಕೊನೆಯ ಗುರುವಾರ ರೇಡಿಯೊದಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು. ಜಯಘೋಷ ಜೋರಾಗಿತ್ತು. ಕಟ್ಟೆಯ ಮೇಲೆ ನಾನೊಬ್ಬಳೇ ಕೂತಿದ್ದೆ.